ಫೋನಿನ ಚೌಕಟ್ಟಿಗೆ ಮೈಯೂ ಬರಲಿ: ಮನೆಯಲ್ಲೇ ಕೂತು ಆನ್‌ಲೈನ್ ಥೆರಪಿ ಮಾಡಿಕೊಳ್ಳುವ ಬಗೆ

ಆನ್‌ಲೈನ್ ಥೆರಪಿ ಎಂದಾಗ ಹೆಚ್ಚಿನವರು ಫೋನನ್ನು ಕೈಯಲ್ಲಿ ಹಿಡಿದು, ಮುಖ ಮಾತ್ರ ಕಾಣುವಂತೆ ಕೂತುಬಿಡುತ್ತಾರೆ. ಬರೀ ಮಾತಿನ ಕೌನ್ಸೆಲಿಂಗ್ ಆದರೆ ಹೇಗೋ ನಡೆದೀತು. ದೇಹವನ್ನು ಗಮನಿಸುತ್ತ ಸಾಗುವ ಥೆರಪಿ ಹಾಗೆ ನಡೆಯುವುದಿಲ್ಲ. ಹೆಗಲು ಕಿವಿಯ ಹತ್ತಿರಕ್ಕೆ ಏರಿದೆಯೇ, ಬೆರಳು ಸೆರಗಿನ ತುದಿಯನ್ನು ಸುತ್ತುತ್ತಿದೆಯೇ, ಉಸಿರು ಗಂಟಲ ಬುಡದಲ್ಲೇ ನಿಂತಿದೆಯೇ ಎಂದು ಥೆರಪಿಸ್ಟ್ ನೋಡುತ್ತಿರುತ್ತಾರೆ. ಕ್ಲಿನಿಕ್ಕಿನಲ್ಲಿ ಇದೆಲ್ಲ ತಾನಾಗಿ ಕಾಣುತ್ತದೆ. ಮನೆಯಿಂದ ಮಾಡುವಾಗ ಕಾಣಿಸುವ ಕೆಲಸ ನಿಮ್ಮದು.

ಈ ಬಗೆಯ ಥೆರಪಿಯಲ್ಲಿ ಎರಡು ಎಳೆಗಳಿರುತ್ತವೆ. ಹೆದರಿಕೆ, ಆಘಾತಗಳು ಮೈಯಲ್ಲಿ ಎಲ್ಲಿ ಕೂತಿವೆ ಎಂದು ಸ್ವಲ್ಪ ಸ್ವಲ್ಪವಾಗಿ ಗಮನಿಸುವುದು ಒಂದು. ಪೀಟರ್ ಲೆವಿನ್ ರೂಪಿಸಿದ ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್ ಈ ಜಾತಿಯದು. ತಳಮಳ ಏರಿದಾಗ ಆ ಗಳಿಗೆಯನ್ನು ದಾಟುವ ಕೌಶಲಗಳು ಇನ್ನೊಂದು. ಇವುಗಳಲ್ಲಿ ಹಲವು ಮಾರ್ಷಾ ಲಿನೆಹನ್ ರೂಪಿಸಿದ ಡಿಬಿಟಿಯಿಂದ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಉಕ್ಕುವ ಭಾವನೆಗಳನ್ನು ನಿಭಾಯಿಸಲು ಕಲಿಸುವ ಥೆರಪಿ) ಬಂದವು. ಮೊದಲನೆಯದಕ್ಕೆ ಯೋಚನೆ, ನಡವಳಿಕೆಗಳನ್ನು ತಿದ್ದಿಕೊಳ್ಳುವ ಸಿಬಿಟಿ ಥೆರಪಿಗಿರುವಷ್ಟು ಸಂಶೋಧನೆಯ ಬೆಂಬಲ ಇನ್ನೂ ಇಲ್ಲ. ಹಾಗಾಗಿ ಎರಡನ್ನೂ ಬಲ್ಲವರನ್ನೇ ಹುಡುಕಿ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರ ಬಳಿ ಆರ್‌ಸಿಐ (ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ) ನೋಂದಣಿ ಸಂಖ್ಯೆ ಕೇಳಿ. ಅದನ್ನು ಕೇಳಲು ಸಂಕೋಚ ಬೇಡ.

ಫೋನನ್ನು ಐದಾರು ಅಡಿ ದೂರದಲ್ಲಿ, ಕೂತಾಗ ನಿಮ್ಮ ಎದೆಯ ಮಟ್ಟಕ್ಕೆ ಬರುವಂತೆ, ಸ್ಟೂಲಿನ ಮೇಲೆ ಪುಸ್ತಕ ಪೇರಿಸಿ ಅಡ್ಡಲಾಗಿ ನಿಲ್ಲಿಸಿ. ತಲೆಯಿಂದ ಮೊಣಕಾಲಿನ ತನಕ ಕಾಣಬೇಕು. ಕಿಟಕಿ ಬೆನ್ನ ಹಿಂದಿದ್ದರೆ ನೀವು ಬರೀ ಕಪ್ಪು ನೆರಳಾಗುತ್ತೀರಿ, ಅದು ಎದುರಿಗಿರಲಿ. ಚಕ್ರದ ಕುರ್ಚಿ ಬೇಡ. ಎರಡೂ ಪಾದ ನೆಲಕ್ಕೆ ತಾಗುವ ಸಾಮಾನ್ಯ ಕುರ್ಚಿ ಸಾಕು. ರೆಡ್ ಆಕ್ಸೈಡ್ ನೆಲದ ಮನೆಯಾದರೆ ಬರಿಗಾಲಲ್ಲಿ ಕೂತುಕೊಳ್ಳಿ, ಆ ತಂಪು ಮುಂದೆ ಉಪಯೋಗಕ್ಕೆ ಬರುತ್ತದೆ.

ಜೂನ್ ಬಂತೆಂದರೆ ಉಡುಪಿ, ಮಂಗಳೂರಿನಲ್ಲಿ ತೊಂದರೆ ಬೇರೆಯೇ. ಶೀಟಿನ ಮಾಡಿನ ಮೇಲೆ ಮಳೆ ಹೊಯ್ಯುವಾಗ ಮೈಕಿನಲ್ಲಿ ಬೇರೇನೂ ಕೇಳುವುದಿಲ್ಲ. ವಯರಿನ ಇಯರ್‌ಫೋನ್ ಹಾಕಿ, ಮೈಕ್ ಬಾಯಿಯ ಹತ್ತಿರವಿರಲಿ. ಕರೆಂಟು ಹೋದರೆ ವೈಫೈಯೂ ಹೋಗುತ್ತದೆ, ಮೊಬೈಲ್ ಡೇಟಾ ಉಳಿಸಿಕೊಂಡಿರಿ. ಕಾಲ್ ಕಟ್ಟಾದರೆ ಯಾರು ಯಾರಿಗೆ, ಎಷ್ಟು ನಿಮಿಷದೊಳಗೆ ಫೋನ್ ಮಾಡುವುದು ಎಂದು ಮೊದಲ ದಿನವೇ ಮಾತಾಡಿಕೊಳ್ಳಿ. ನೋವಿನ ಮಾತಿನ ನಡುವೆ ಸ್ಕ್ರೀನ್ ಕಪ್ಪಾಗಿ ಹತ್ತು ನಿಮಿಷ ಒಬ್ಬರೇ ಉಳಿಯುವುದು ಸಣ್ಣ ವಿಷಯವಲ್ಲ. ನೀವು ಕೂತಿರುವ ಜಾಗದ ವಿಳಾಸ, ಮನೆಯಲ್ಲೋ ನೆರೆಯಲ್ಲೋ ನಂಬುವ ಒಬ್ಬರ ನಂಬರು ಥೆರಪಿಸ್ಟ್ ಬಳಿ ಇರಲಿ.

ಕೂಡು ಮನೆಯಲ್ಲಿ ಏಕಾಂತವೇ ದೊಡ್ಡ ಸಮಸ್ಯೆ. ಅತ್ತೆ, ದೊಡ್ಡಮ್ಮ ಮಧ್ಯಾಹ್ನ ಊಟ ಮುಗಿಸಿ ಮಲಗುವ ಹೊತ್ತು ಒಳ್ಳೆಯದು. ಬಾಗಿಲ ಹೊರಗೆ ಒಂದು ಟೇಬಲ್ ಫ್ಯಾನ್ ಹಾಕಿಟ್ಟರೆ ಮಾತು ಆಚೆ ಹೋಗುವುದು ಕಡಿಮೆಯಾಗುತ್ತದೆ. ಯಾರಾದರೂ ಒಳಗೆ ಬಂದರೆ ಹೇಳಲು ಒಂದು ಗುಟ್ಟಿನ ಮಾತನ್ನೂ ಗೊತ್ತುಮಾಡಿಕೊಳ್ಳಿ.

‘ಮೈಯಲ್ಲಿ ಎಲ್ಲಿ ಗೊತ್ತಾಗುತ್ತಿದೆ?’ ಎಂದು ಕೇಳಿದಾಗ ‘ಏನಿಲ್ಲ ಮೇಡಂ, ಟೆನ್ಶನ್ ಅಷ್ಟೆ’ ಎಂದರೆ ಕೆಲಸ ಅಲ್ಲೇ ನಿಲ್ಲುತ್ತದೆ. ನಮ್ಮ ಮಾತಿನಲ್ಲಿ ಇದಕ್ಕೆ ಪದಗಳ ಬರವಿಲ್ಲ: ಎದೆ ಡವಡವ, ಹೊಟ್ಟೆಯಲ್ಲಿ ಸಂಕಟ, ಗಂಟಲು ಕಟ್ಟಿದ ಹಾಗೆ, ಕೈಕಾಲು ತಣ್ಣಗೆ. ತುಳುವಿನ ತಿಗಲೆ (ಎದೆ), ಬಂಜಿ (ಹೊಟ್ಟೆ) ಎಂಬ ಮಾತೇ ಮೊದಲು ಬಾಯಿಗೆ ಬಂದರೆ ಹಾಗೇ ಹೇಳಿ, ಆ ಜಾಗಕ್ಕೆ ಕೈ ಇಡಿ. ಭಾಷೆ ಗೊತ್ತಿಲ್ಲದ ಥೆರಪಿಸ್ಟಿಗೂ ಕೈ ಅರ್ಥವಾಗುತ್ತದೆ.

ಸೆಷನ್ ಶುರುವಾಗುವುದು ಸುತ್ತ ನೋಡುವುದರಿಂದ. ಕತ್ತನ್ನು ನಿಧಾನವಾಗಿ ತಿರುಗಿಸುತ್ತ ಬಾಗಿಲು, ಕ್ಯಾಲೆಂಡರು, ಕಿಟಕಿಯಾಚೆಯ ತೆಂಗು, ಒಂದೊಂದರ ಮೇಲೆ ಕಣ್ಣು ನಿಲ್ಲಿಸಬೇಕು. ಆಮೇಲೆ ಮೈಯಲ್ಲಿ ಸರಿಯಾಗಿದೆ ಅನ್ನಿಸುವ ಒಂದು ಜಾಗ. ಪಾದವೋ ಅಂಗೈಯೋ ಆದರೂ ಸಾಕು. ಅಲ್ಲಿಂದ ಕಷ್ಟದ ಜಾಗಕ್ಕೆ ಇಪ್ಪತ್ತು ಮೂವತ್ತು ಸೆಕೆಂಡು ಗಮನ, ಮತ್ತೆ ಪಾದಕ್ಕೆ ವಾಪಸು. ಕಣ್ಣು ತೆರೆದೇ ಇರಲಿ. ನಡೆದದ್ದೆಲ್ಲವನ್ನೂ ಮೊದಲ ದಿನವೇ ಹೇಳಿ ಹಗುರಾಗೋಣ ಎಂಬ ಆಸೆ ಸಹಜ, ಆದರೆ ಹೆಚ್ಚಿನ ಸೆಷನ್‌ಗಳು ಕೆಡುವುದು ಅಲ್ಲೇ. ಆ ರಾತ್ರಿ ನಿದ್ದೆ ಬಾರದೆ ಮುಂದಿನ ವಾರ ಬರುವುದೇ ನಿಂತುಹೋಗುತ್ತದೆ. ಮೈ ಮರಗಟ್ಟಿದ ಹಾಗೆ, ಥೆರಪಿಸ್ಟಿನ ಧ್ವನಿ ದೂರದಿಂದ ಬಂದ ಹಾಗೆ ಅನ್ನಿಸಿದರೆ ಅಂಗೈ ಎತ್ತಿ ತೋರಿಸಿ. ಇದನ್ನು ಮೊದಲೇ ಒಪ್ಪಿಕೊಂಡಿರಬೇಕು, ಏಕೆಂದರೆ ಆ ಹೊತ್ತಿಗೆ ಬಾಯಿಂದ ಮಾತು ಹೊರಡದಿರಬಹುದು. ಅಂಗಾಲನ್ನು ತಂಪು ನೆಲಕ್ಕೆ ಗಟ್ಟಿಯಾಗಿ ಒತ್ತಿ.

ಕೌಶಲಗಳಿಗೆ ಬಂದರೆ, ತಳಮಳಕ್ಕೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುವುದನ್ನು ಮೊದಲು ಕಲಿಯಿರಿ. ಮೂರು, ನಾಲ್ಕಿದ್ದರೆ ಉಸಿರು: ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ, ಐದು ನಿಮಿಷ. ದೊಡ್ಡ ದೊಡ್ಡ ಉಸಿರು ಎಳೆಯಬೇಡಿ. ಹಾಗೆ ಮಾಡಿದರೆ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಇಳಿದು ತುಟಿ, ಬೆರಳ ತುದಿ ಜುಮ್ಮೆನ್ನುತ್ತವೆ, ತಲೆ ಸುತ್ತುತ್ತದೆ, ಹೆದರಿಕೆ ಇನ್ನೂ ಏರುತ್ತದೆ. ಐದಾರಿದ್ದರೆ ಸ್ನಾಯು ಬಿಗಿದು ಬಿಡುವುದು: ಮುಷ್ಟಿ, ಹೆಗಲು, ಹೊಟ್ಟೆ, ತೊಡೆ, ಒಂದೊಂದನ್ನು ಐದಾರು ಸೆಕೆಂಡು ಬಿಗಿದು ಹದಿನೈದು ಸೆಕೆಂಡು ಸಡಿಲ ಬಿಡಿ. ನೋವಿರುವ ಜಾಗವನ್ನು ಬಿಟ್ಟುಬಿಡಿ.

ಎಂಟು, ಒಂಬತ್ತಕ್ಕೆ ಏರಿದ ಮೇಲೆ ಉಸಿರು ಎಣಿಸಲು ಹೆಚ್ಚಿನವರಿಂದ ಆಗುವುದಿಲ್ಲ. ಆಗ ತಣ್ಣೀರು. ಅಗಲ ಪಾತ್ರೆಯಲ್ಲಿ ನೀರು ತುಂಬಿ, ಉಸಿರು ಹಿಡಿದು, ಬಗ್ಗಿ ಹಣೆಯಿಂದ ಕೆನ್ನೆಯ ತನಕ ಹದಿನೈದರಿಂದ ಮೂವತ್ತು ಸೆಕೆಂಡು ಮುಳುಗಿಸಿ. ಮುಖಕ್ಕೆ ತಂಪು ತಾಗಿ ಉಸಿರು ನಿಂತಾಗ ಹೃದಯದ ಬಡಿತ ತಾನಾಗಿ ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ತಾರಸಿಯ ಟ್ಯಾಂಕಿನಿಂದ ನಳ್ಳಿಗೆ ಬರುವ ನೀರು ಬೆಚ್ಚಗಿರುತ್ತದೆ, ಅದರಿಂದ ಏನೂ ಆಗದು. ಫ್ರಿಡ್ಜಿನ ಎರಡು ಬಾಟಲಿ ನೀರನ್ನು ಪಾತ್ರೆಯ ನೀರಿಗೆ ಬೆರೆಸಿ. ಹೃದಯದ ಕಾಯಿಲೆ ಇರುವವರು, ಬಡಿತ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಇದನ್ನು ಮಾಡಲೇಬಾರದು.

ಇವುಗಳ ಅಭ್ಯಾಸ ಮನಸ್ಸು ಸರಿಯಿದ್ದಾಗಲೇ ಆಗಬೇಕು. ಬೆಳಿಗ್ಗೆ ಸ್ನಾನವಾದ ಮೇಲೊಮ್ಮೆ, ಸಂಜೆ ಚಾದ ಮುಂಚೆ ಒಮ್ಮೆ, ಐದೈದು ನಿಮಿಷ. ಸಂಕಟದ ಹೊತ್ತಿಗೆ ಮೊದಲ ಬಾರಿ ಮಾಡಲು ಹೋದರೆ ಕೈಗೆ ಹತ್ತುವುದಿಲ್ಲ.

ಎದೆನೋವಿನ ಜೊತೆ ಬೆವರು, ಎಡಗೈಗೆ ಸೆಳೆತ ಬಂದರೆ ಎಣಿಸುತ್ತ ಕೂರದೆ ಆಸ್ಪತ್ರೆಗೆ ಹೊರಡಿ. ಸಾಯಬೇಕೆಂಬ ಯೋಚನೆ ಬಲವಾಗಿದ್ದರೆ, ಇಲ್ಲದ ಧ್ವನಿಗಳು ಕೇಳಿಸುತ್ತಿದ್ದರೆ, ಫೋನಿನ ಥೆರಪಿಗಿಂತ ಮೊದಲು ಮನೋವೈದ್ಯರನ್ನು ಎದುರಾಎದುರು ಕಾಣಬೇಕು. ಮಂಗಳೂರಿನ ವೆನ್‌ಲಾಕ್, ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ, ಮಣಿಪಾಲ ಎಲ್ಲವೂ ಹತ್ತಿರದಲ್ಲೇ ಇವೆ. ರಾತ್ರಿ ಹೊತ್ತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ.

ಸೆಷನ್ ಮುಗಿದ ಕೂಡಲೆ ಬಾಗಿಲು ತೆಗೆದು ಅಡುಗೆಮನೆಗೆ ಓಡಬೇಡಿ, ಸ್ಕೂಟರನ್ನೂ ಹತ್ತಬೇಡಿ. ಕಾಲು ಗಂಟೆ ಅಂಗಳದಲ್ಲಿ ಅಡ್ಡಾಡಿ, ನೀರು ಕುಡಿಯಿರಿ. ಒಂದು ಚೀಟಿಯಲ್ಲಿ ಬರೆದಿಡಿ: ಯಾವ ದಿನ, ಅಂಕ ಎಷ್ಟಿತ್ತು, ಏನು ಮಾಡಿದೆ, ಆಮೇಲೆ ಎಷ್ಟಾಯಿತು. ‘ಬುಧವಾರ 8, ಉಸಿರು ಎಣಿಸಿದೆ, 9 ಆಯಿತು’ ಎಂಬ ಸಾಲನ್ನು ನಾಚಿಕೆಯಿಂದ ಮುಚ್ಚಿಡಬೇಡಿ. ಮುಂದಿನ ವಾರ ಥೆರಪಿಸ್ಟ್ ಮೊದಲು ಕೇಳಬೇಕಾದದ್ದು ಆ ಸಾಲಿನ ಬಗ್ಗೆಯೇ.