ಒಂದೇ ಬಗೆಯ ಎರಡು ಚಾರ್ಜರ್, ಒಂದು ಪೇಟೆಂಟ್: ನನ್ನ ಅನುಭವ

ಪ್ರತಿಸ್ಪರ್ಧಿ ಕಂಪನಿಯ ಹೊಸ ಚಾರ್ಜರನ್ನು ಬಿಚ್ಚಿ ನೋಡಿದ ದಿನ ನಮ್ಮ ಎಂಜಿನಿಯರುಗಳೆಲ್ಲ "ಇದು ನಮ್ಮದೇ" ಎಂದರು. ಬ್ಯಾಟರಿ ಬಿಸಿಯಾದಂತೆ ಕರೆಂಟನ್ನು ಹಂತಹಂತವಾಗಿ ಇಳಿಸುವ ವಿಧಾನಕ್ಕೆ ನಮಗೆ ಆಗಲೇ ಅಮೆರಿಕದ ಪೇಟೆಂಟ್ ಸಿಕ್ಕಿತ್ತು. ಉಲ್ಲಂಘನೆ ಆಗಿದೆಯೇ ಎಂದು ಪರಿಶೀಲಿಸುವ ಕೆಲಸ ಪೇಟೆಂಟ್ ವಿಶ್ಲೇಷಕನಾದ ನನ್ನ ಪಾಲಿಗೆ ಬಂತು.

ಎರಡು ವಸ್ತುಗಳು ನೋಡಲು ಒಂದೇ ರೀತಿ ಇವೆಯೇ ಎಂಬುದು ಕಾನೂನಿನ ಪ್ರಶ್ನೆಯೇ ಅಲ್ಲ. ಹಕ್ಕಿನ ಎಲ್ಲೆಯನ್ನು ಗುರುತಿಸುವುದು ಪೇಟೆಂಟಿನ ಕೊನೆಯಲ್ಲಿರುವ ಕ್ಲೇಮುಗಳು, ಅಂದರೆ ಯಾವುದರ ಮೇಲೆ ಹಕ್ಕು ಎಂದು ಹೇಳುವ ವಾಕ್ಯಗಳು. ಅವುಗಳಲ್ಲಿ ಹೇಳಿದ ಪ್ರತಿಯೊಂದು ಅಂಶವೂ ಎದುರಾಳಿಯ ಉತ್ಪನ್ನದಲ್ಲಿ ಇದ್ದರೆ ಮಾತ್ರ ನೇರ ಉಲ್ಲಂಘನೆಯಾಗುತ್ತದೆ. ನಮ್ಮ ಮುಖ್ಯ ಕ್ಲೇಮನ್ನು ನಾಲ್ಕು ತುಂಡು ಮಾಡಿ ಕ್ಲೇಮ್ ಚಾರ್ಟಿನ ಎಡ ಅಂಕಣದಲ್ಲಿ ಬರೆದೆ: ಸೆಲ್‌ಗೆ ತಾಗಿದ ತಾಪ ಸಂವೇದಕ, ಅದನ್ನು ಓದುವ ನಿಯಂತ್ರಕ, ಮಿತಿ ದಾಟಿದಾಗ ಕರೆಂಟನ್ನು ಹಂತಹಂತವಾಗಿ ಇಳಿಸುವುದು, ಮತ್ತು ಆ ಮಿತಿಯನ್ನು ಬ್ಯಾಟರಿಯ ಹಿಂದಿನ ಚಾರ್ಜಿಂಗ್ ದಾಖಲೆಯಿಂದ ನಿರ್ಧರಿಸುವುದು. ಬಲ ಅಂಕಣದಲ್ಲಿ ಅಳೆದು ನೋಡಿದ ಸಾಕ್ಷ್ಯಕ್ಕೆ ಮಾತ್ರ ಜಾಗ, ಊಹೆಗೆ ಇಲ್ಲ.

ಮೊದಲ ಮೂರು ಅಂಶಗಳು ಬೇಗ ತುಂಬಿದವು. ನಾಲ್ಕನೆಯದಕ್ಕಾಗಿ ಹೊಚ್ಚಹೊಸ ಬ್ಯಾಟರಿಯೊಂದನ್ನೂ ಹಲವು ಬಾರಿ ಚಾರ್ಜ್ ಮಾಡಿ ಹಳತಾಗಿಸಿದ ಇನ್ನೊಂದನ್ನೂ ತಾಪಪೆಟ್ಟಿಗೆಯಲ್ಲಿಟ್ಟು ಅದೇ ಚಾರ್ಜರಿನಿಂದ ಪರೀಕ್ಷಿಸಿದೆ. ಎರಡರಲ್ಲೂ ಕರೆಂಟ್ ಇಳಿದದ್ದು ಒಂದೇ ಡಿಗ್ರಿಯಲ್ಲಿ. ಮತ್ತೆ ಮತ್ತೆ ಮಾಡಿದರೂ ಅಷ್ಟೇ. ಅವರ ಮಿತಿ ಸ್ಥಿರವಾಗಿತ್ತು, ದಾಖಲೆಯ ಗೊಡವೆಯೇ ಅದರಲ್ಲಿರಲಿಲ್ಲ.

"ಸ್ಥಿರ ಮಿತಿಯೂ ಅದೇ ಕೆಲಸ ಮಾಡುತ್ತದಲ್ಲವೇ?" ಎಂದು ನಮ್ಮ ಮುಖ್ಯಸ್ಥರು ಕೇಳಿದರು. ಆ ಪ್ರಶ್ನೆಗೂ ಕಾನೂನಿನಲ್ಲಿ ನೆಲೆಯಿದೆ. ಅದೇ ಕಾರ್ಯವನ್ನು ಬಹುಮಟ್ಟಿಗೆ ಅದೇ ರೀತಿಯಲ್ಲಿ ಮಾಡಿ ಅದೇ ಫಲ ಕೊಡುವ ಬದಲಿ ಅಂಶವನ್ನು ಸಮಾನವೆಂದು ಪರಿಗಣಿಸುವ ತತ್ತ್ವವದು. ಉತ್ತರ ಹೇಳುವ ಮುನ್ನ ನಮ್ಮ ಅರ್ಜಿಯ ಹಳೆಯ ಕಡತವನ್ನು ತರಿಸಿಕೊಂಡು ಓದಿದೆ. ಮೊದಲ ಮೂರು ಅಂಶಗಳು ನಮಗಿಂತ ಮೊದಲೇ ಪ್ರಕಟವಾಗಿದ್ದ ದಾಖಲೆಯೊಂದರಲ್ಲಿ ಆಗಲೇ ಇವೆ ಎಂದು ಪೇಟೆಂಟ್ ಕಚೇರಿಯ ಪರೀಕ್ಷಕರು ಆಕ್ಷೇಪಿಸಿದ್ದರಿಂದಲೇ ನಾವು ನಾಲ್ಕನೆಯದನ್ನು ಸೇರಿಸಿ, ಹೊಸತನವಿರುವುದು ಅದರಲ್ಲೇ ಎಂದು ವಾದಿಸಿದ್ದೆವು. ಹಾಗೆ ಕಿರಿದಾಗಿಸಿ ಬಿಟ್ಟುಕೊಟ್ಟ ಜಾಗವನ್ನು ಸಮಾನತೆಯ ಹೆಸರಿನಲ್ಲಿ ಮರಳಿ ಕೇಳುವುದು ಬಹಳ ಕಷ್ಟವೆಂದು ಅಮೆರಿಕದ ಸುಪ್ರೀಂ ಕೋರ್ಟ್ 2002ರ ಫೆಸ್ಟೊ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ದಾವೆ ಹೂಡಬಾರದೆಂದು ಶಿಫಾರಸು ಮಾಡಿದೆ. ಸಹೋದ್ಯೋಗಿಗಳಿಗೆ ಬೇಸರವಾಯಿತು, ಆದರೆ ಆ ಕಡತ ಎದುರಾಳಿಯ ವಕೀಲರಿಗೂ ಸುಲಭವಾಗಿ ಸಿಗುವಂಥದ್ದು.

ಅಲ್ಲಿಗೆ ನಿಲ್ಲದೆ ಪ್ರತಿಸ್ಪರ್ಧಿ ಕಂಪನಿಯ ಪೇಟೆಂಟುಗಳನ್ನೂ ಇದೇ ಕ್ರಮದಲ್ಲಿ ಓದಿದೆ. ಪೇಟೆಂಟ್ ಇತರರನ್ನು ತಡೆಯುವ ಹಕ್ಕೇ ಹೊರತು ನಮ್ಮ ವಸ್ತುವನ್ನು ನಾವು ತಯಾರಿಸಲು ಸಿಕ್ಕ ಪರವಾನಗಿಯಲ್ಲ. ಇದನ್ನು ಮರೆತ ತಂಡಗಳೇ ಹೆಚ್ಚು. ನಮ್ಮ ಮುಂದಿನ ಮಾದರಿಯಲ್ಲಿದ್ದ ಸೆಲ್ ಸಮತೋಲನದ (ಬ್ಯಾಟರಿಯೊಳಗಿನ ಎಲ್ಲ ಸೆಲ್ಲುಗಳ ಚಾರ್ಜನ್ನು ಸಮವಾಗಿಡುವ) ವಿಧಾನ ಅವರ ಕ್ಲೇಮೊಂದರ ಎಲ್ಲ ಅಂಶಗಳಿಗೂ ಹೊಂದುತ್ತಿತ್ತು. ಕೊನೆಗೆ ಎರಡೂ ಕಂಪನಿಗಳು ಪರಸ್ಪರ ಲೈಸೆನ್ಸ್ ಮಾಡಿಕೊಂಡವು. ಇದು ಹಳೆಯ ದಾರಿಯೇ: ಇಂಟಿಗ್ರೇಟೆಡ್ ಸರ್ಕ್ಯೂಟಿಗೆ, ಅಂದರೆ ಚಿಪ್ಪಿಗೆ, 1959ರಲ್ಲಿ ಜ್ಯಾಕ್ ಕಿಲ್ಬಿ ಮತ್ತು ರಾಬರ್ಟ್ ನಾಯ್ಸ್ ಕೆಲವೇ ತಿಂಗಳ ಅಂತರದಲ್ಲಿ ಅರ್ಜಿ ಹಾಕಿದ್ದರು, ಅವರ ಕಂಪನಿಗಳಾದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಮತ್ತು ಫೇರ್‌ಚೈಲ್ಡ್ ವ್ಯಾಜ್ಯ ಮುಗಿಯುವ ಮುನ್ನವೇ 1966ರಲ್ಲಿ ಲೈಸೆನ್ಸ್ ಹಂಚಿಕೊಳ್ಳಲು ಒಪ್ಪಿದವು.

ಈಗ ಇತರರ ಪೇಟೆಂಟುಗಳ ಹುಡುಕಾಟವನ್ನು ವಿನ್ಯಾಸ ಕಾಗದದಲ್ಲಿರುವಾಗಲೇ ಶುರುಮಾಡುತ್ತೇನೆ. ಅರ್ಜಿಗಳು ಸಾಮಾನ್ಯವಾಗಿ ಮೊದಲ ದಾಖಲಾತಿಯಿಂದ 18 ತಿಂಗಳ ನಂತರವೇ ಪ್ರಕಟವಾಗುವುದರಿಂದ, ಇಂದು ಏನೂ ಸಿಗದಿದ್ದರೂ ಉತ್ಪನ್ನ ಹೊರಬರುವವರೆಗೆ ಕೆಲವು ತಿಂಗಳಿಗೊಮ್ಮೆ ಅದೇ ಹುಡುಕಾಟವನ್ನು ಮತ್ತೆ ನಡೆಸುತ್ತೇನೆ.