ಮೊದಲು ಗುಡ್ ಮಾರ್ನಿಂಗ್: ಪ್ರಿನ್ಸೆಸ್ ಆನ್‌ಗೆ ಓದಲು ಬರುವವರಿಗೆ

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಪ್ರಿನ್ಸೆಸ್ ಆನ್‌ಗೆ ನಾನು ಓದಲು ಬಂದ ಮೊದಲ ವಾರ. ಬ್ಯಾಂಕಿಗೆ ಒಂದು ಪತ್ರ ಬೇಕಿತ್ತು. ಆಫೀಸಿನ ಕಿಟಕಿ ಹತ್ತಿರ ಹೋಗಿ ನೇರವಾಗಿ ಕೇಳಿದೆ. ಒಳಗಿದ್ದ ಹಿರಿಯ ಹೆಂಗಸು ಕನ್ನಡಕದ ಮೇಲಿಂದ ನೋಡಿ, ನಿಧಾನಕ್ಕೆ "ಗುಡ್ ಮಾರ್ನಿಂಗ್" ಅಂದರು. ನಾನು ಮತ್ತೆ ಪತ್ರ ಅಂದೆ. ಅವರು ಮತ್ತೆ "ಗುಡ್ ಮಾರ್ನಿಂಗ್, ಬೇಬಿ" ಅಂದರು. ಆಗ ನನ್ನ ತಲೆಗೆ ಹೋಯಿತು. ನಾನೂ ಗುಡ್ ಮಾರ್ನಿಂಗ್ ಅಂದೆ. ಪತ್ರ ಐದು ನಿಮಿಷದಲ್ಲಿ ಕೈಗೆ ಬಂತು, ತಿಂಡಿ ಆಯಿತಾ ಅಂತ ವಿಚಾರಣೆಯೂ ಆಯಿತು. ನಮ್ಮ ಹಳ್ಳಿಗಳಲ್ಲೂ ಬಂದವರು ಕೂತು, ನೀರು ಕುಡಿದು, ಆಮೇಲೆ ತಾನೇ ಬಂದ ಕೆಲಸ ಹೇಳೋದು? ಇಲ್ಲೂ ಹಾಗೇ. ದಾರಿಯಲ್ಲಿ ಎದುರಾದವರಿಗೆಲ್ಲ ಒಂದು ಮಾತು ಆಡಿ.

ನಾನು ಹೇಳುತ್ತಿರುವುದು ಮೇರಿಲ್ಯಾಂಡ್ ಈಸ್ಟರ್ನ್ ಶೋರ್ ವಿಶ್ವವಿದ್ಯಾಲಯದ ವಿಷಯ. ಕಪ್ಪು ಜನರ ಓದಿಗಾಗಿ ಹುಟ್ಟಿದ್ದು, ಈಗ ಸರ್ಕಾರಿ ವಿಶ್ವವಿದ್ಯಾಲಯ. ಮೂರು ಸಾವಿರದ ಆಸುಪಾಸು ವಿದ್ಯಾರ್ಥಿಗಳು. ಪ್ರಿನ್ಸೆಸ್ ಆನ್ ಅನ್ನೋದು ಪುಟ್ಟ ಊರು. ಸುತ್ತ ಮೆಕ್ಕೆಜೋಳದ ಹೊಲ, ಕೋಳಿ ಫಾರಂ. ನ್ಯೂಯಾರ್ಕ್ ಫೋಟೋ ನೋಡಿ ಕನಸು ಕಟ್ಟಿಕೊಂಡು ಬರುವವರಿಗೆ ಮೊದಲ ತಿಂಗಳು ಕಷ್ಟ.

ಊರಿಂದ ಚಿಕ್ಕಮ್ಮ ಫೋನ್ ಮಾಡಿ, "ಅಲ್ಲಿ ಬರೀ ಕರಿಯರೇ ಅಂತೆ, ಹುಷಾರು ಕಣೋ" ಅಂದಿದ್ದರು. ನಿಮಗೂ ಯಾರಾದರೂ ಹೇಳಿಯೇ ಇರುತ್ತಾರೆ. ಆ ಮಾತನ್ನು ಏರ್‌ಪೋರ್ಟಿನಲ್ಲೇ ಬಿಟ್ಟು ಬನ್ನಿ. ಬಣ್ಣ ನೋಡಿ ಅಳೆಯೋ ಚಾಳಿ ನಮ್ಮಲ್ಲೇನು ಕಡಿಮೆಯಾ? ಇಲ್ಲಿನವರಿಗೆ ಅದು ನಮ್ಮ ಮುಖದಲ್ಲಿ ಬೇಗ ಕಾಣುತ್ತದೆ.

ಈ ಕಾಲೇಜು ಯಾಕೆ ಹುಟ್ಟಿತು ಅನ್ನೋದು ಗೊತ್ತಿರಬೇಕು. 1886ರಲ್ಲಿ ಮೆಥಡಿಸ್ಟ್ ಚರ್ಚಿನವರು ಒಂಬತ್ತು ವಿದ್ಯಾರ್ಥಿಗಳನ್ನು ಇಟ್ಟುಕೊಂಡು ಶುರು ಮಾಡಿದರು. 1890ರಲ್ಲಿ ಒಂದು ಕಾನೂನು ಬಂತು: ಕೃಷಿ ಕಾಲೇಜಿಗೆ ಕೇಂದ್ರದ ಹಣ ಬೇಕಾದರೆ ಕಪ್ಪು ಜನರನ್ನೂ ಸೇರಿಸಿಕೊಳ್ಳಿ, ಇಲ್ಲವೇ ಅವರಿಗೆ ಬೇರೆ ಕಾಲೇಜು ತೋರಿಸಿ. ಕಾಲೇಜ್ ಪಾರ್ಕ್ ಊರಿನಲ್ಲಿದ್ದ ರಾಜ್ಯದ ಕೃಷಿ ಕಾಲೇಜಿನಲ್ಲಿ ಅವರಿಗೆ ಬಾಗಿಲು ಮುಚ್ಚಿತ್ತು. ಹಾಗಾಗಿ ಮೇರಿಲ್ಯಾಂಡ್ ಈ ಶಾಲೆಯತ್ತ ಬೆರಳು ತೋರಿಸಿತು. ಆದರೆ ದುಡ್ಡು ಸಮನಾಗಿ ಬರಲಿಲ್ಲ. ರಾಜ್ಯದ ಇಂಥ ನಾಲ್ಕು ವಿಶ್ವವಿದ್ಯಾಲಯಗಳ ಪರವಾಗಿ 2006ರಲ್ಲಿ ಹೂಡಿದ ಮೊಕದ್ದಮೆ 2021ರಲ್ಲಿ ಮುಗಿಯಿತು. 57.7 ಕೋಟಿ ಡಾಲರ್ ಕೊಡಲು ರಾಜ್ಯ ಒಪ್ಪಿತು. ಹಳೇ ಕಟ್ಟಡ ನೋಡಿ ಮೂಗು ಮುರಿಯುವ ಮುಂಚೆ ಇದು ನೆನಪಿರಲಿ.

ಕಪ್ಪು ಜನರ ಕಾಲೇಜುಗಳ ಈ ಕತೆಗೂ ನಮಗೂ ಒಂದು ಎಳೆ ಇದೆ. ಮುಂದೆ ಇಂಥದ್ದೇ ಇನ್ನೊಂದು ಕಾಲೇಜು, ಅಟ್ಲಾಂಟಾದ ಮೋರ್‌ಹೌಸ್‌ನ ಅಧ್ಯಕ್ಷರಾದ ಬೆಂಜಮಿನ್ ಮೇಸ್, ಮಾರ್ಟಿನ್ ಲೂಥರ್ ಕಿಂಗ್ ಅವರ ಗುರು, 1937ರಲ್ಲಿ ವೈಎಂಸಿಎ ವಿಶ್ವ ಸಮ್ಮೇಳನಕ್ಕೆ ಬಂದದ್ದು ಎಲ್ಲಿಗೆ ಗೊತ್ತಾ? ನಮ್ಮ ಮೈಸೂರಿಗೆ. ಅದೇ ಪ್ರವಾಸದಲ್ಲಿ ಗಾಂಧೀಜಿಯನ್ನೂ ಕಂಡು ಮಾತಾಡಿದರು. ಇದನ್ನು ನನ್ನ ಕ್ಲಾಸಿನವರಿಗೆ ಹೇಳಿದ ದಿನ ನನಗೆ ಗೆಳೆಯರು ಜಾಸ್ತಿಯಾದರು.

ಕೆಲವು ರೀತಿ ರಿವಾಜು. ಕ್ಯಾಂಪಸ್ಸಿನ ನಡುವಿನ ಅಂಗಳಕ್ಕೆ 'ಯಾರ್ಡ್' ಅನ್ನುತ್ತಾರೆ. ಅಲ್ಲಿ ಒಂದೇ ಬಣ್ಣದ ಬಟ್ಟೆ ಹಾಕಿಕೊಂಡು ಸಾಲಾಗಿ ಕುಣಿಯುವವರು ಸಿಗುತ್ತಾರೆ. 'ಡಿವೈನ್ ನೈನ್' ಎನ್ನುವ, ಕಪ್ಪು ವಿದ್ಯಾರ್ಥಿಗಳ ಒಂಬತ್ತು ಹಳೇ ಸಂಘಗಳಲ್ಲಿ ಯಾವುದಾದರೂ ಒಂದರವರು. ನಿಂತು ನೋಡಿ, ಚಪ್ಪಾಳೆ ತಟ್ಟಿ. ಸಾಲಿನ ಮಧ್ಯೆ ನುಗ್ಗಬೇಡಿ, ಅವರ ಕೈಸನ್ನೆಯನ್ನು ತಮಾಷೆಗೂ ಮಾಡಬೇಡಿ. ಕಪ್ಪು ಜನರ ರಾಷ್ಟ್ರಗೀತೆ ಎನಿಸಿದ 'ಲಿಫ್ಟ್ ಎವ್ರಿ ವಾಯ್ಸ್ ಅಂಡ್ ಸಿಂಗ್' ಶುರುವಾದರೆ ಎದ್ದು ನಿಲ್ಲಿ. ಯಾರ ಕೂದಲನ್ನೂ ಮುಟ್ಟಿ ನೋಡಬೇಡಿ. ಹಾಡಿನಲ್ಲಿ, ಗೆಳೆಯರ ಮಾತಿನಲ್ಲಿ ಕೇಳಿಸುವ, ಕಪ್ಪು ಜನರನ್ನು ಹೀಯಾಳಿಸಲು ಬಳಸುತ್ತಿದ್ದ 'ಎನ್' ಅಕ್ಷರದ ಆ ಒಂದು ಪದ ಮಾತ್ರ ನಿಮ್ಮ ಬಾಯಲ್ಲಿ ಬರಕೂಡದು. ಹೋಮ್‌ಕಮಿಂಗ್ ವಾರ ಮಾತ್ರ ತಪ್ಪಿಸಿಕೊಳ್ಳಬೇಡಿ. ಅಜ್ಜಿ, ಮಗಳು, ಮೊಮ್ಮಗಳು ಮೂವರೂ ಇಲ್ಲೇ ಓದಿದವರು ಒಟ್ಟಿಗೆ ಬಂದಿರುತ್ತಾರೆ. ಥೇಟ್ ಊರ ಜಾತ್ರೆ.

ಊಟಕ್ಕೆ ಬಂದರೆ, ಸಸ್ಯಾಹಾರಿಗಳು ಕೇಳಿ ತಿನ್ನಿ. ಕಾಲರ್ಡ್ ಸೊಪ್ಪು ನೋಡಲು ನಮ್ಮ ಸೊಪ್ಪಿನ ಪಲ್ಯದ ಹಾಗೇ ಇರುತ್ತದೆ. ಆದರೆ ಸಾಮಾನ್ಯವಾಗಿ ಹೊಗೆಯಾಡಿಸಿದ ಹಂದಿ ಅಥವಾ ಟರ್ಕಿ ಮಾಂಸ ಹಾಕಿ ಬೇಯಿಸಿರುತ್ತಾರೆ. ಬೇಯಿಸಿದ ಬೀನ್ಸ್ ಕೂಡ ಅನುಮಾನ. ನನ್ನ ಕೈಹಿಡಿದದ್ದು ಗ್ರಿಟ್ಸ್. ಬಿಳಿ ಮೆಕ್ಕೆಜೋಳದ ರವೆಯ ಗಂಜಿ ಅಂದುಕೊಳ್ಳಿ. ಬೆಣ್ಣೆ, ಮೆಣಸಿನ ಪುಡಿ, ಜೊತೆಗೆ ಊರಿಂದ ತಂದ ನಿಂಬೆ ಉಪ್ಪಿನಕಾಯಿ. ಪಕ್ಕದ ಟೇಬಲ್‌ನ ಹುಡುಗ ಒಂದು ಸಲ ರುಚಿ ನೋಡಿದ, ಆಮೇಲೆ ಬಾಟಲಿ ಬೇಗ ಖಾಲಿಯಾಗತೊಡಗಿತು.

ಓದಿನ ವಿಷಯ. ಎರಡನೇ ವಾರಕ್ಕೆ ಮೇಷ್ಟ್ರಿಗೆ ನಿಮ್ಮ ಹೆಸರು ಗೊತ್ತಿರುತ್ತದೆ. ಇದೇ ಇಲ್ಲಿನ ದೊಡ್ಡ ಲಾಭ, ಇದೇ ತೊಂದರೆ ಕೂಡ. ಕ್ಲಾಸ್ ತಪ್ಪಿಸಿದರೆ ಸಿಕ್ಕಿಬೀಳುತ್ತೀರಿ. ಚಿಕ್ಕ ವಿಭಾಗಗಳಲ್ಲಿ ಕೆಲವು ಕೋರ್ಸ್ ವರ್ಷಕ್ಕೆ ಒಂದೇ ಸಲ ಬರುತ್ತವೆ. ಬಂದ ದಿನವೇ ಸಲಹೆಗಾರರ ಜೊತೆ ಕೂತು ಓದು ಮುಗಿಯುವವರೆಗಿನ ಲೆಕ್ಕ ಹಾಕಿ. ಅಸಿಸ್ಟೆಂಟ್‌ಶಿಪ್, ಅಂದರೆ ಮೇಷ್ಟ್ರ ಕೈಕೆಳಗಿನ ಸಂಬಳದ ಕೆಲಸ, ಬೇಕಿದ್ದರೆ ಬರುವ ಮುಂಚೆಯೇ ಮೇಷ್ಟ್ರುಗಳಿಗೆ ಬರೆಯಿರಿ. ಕೃಷಿ, ಆಹಾರ, ಕರಾವಳಿ ಪರಿಸರದ ಸಂಶೋಧನೆ ಇಲ್ಲಿ ಜೋರು. ಎಫ್-1 ಅನ್ನೋ ವಿದ್ಯಾರ್ಥಿ ವೀಸಾದಲ್ಲಿ ತರಗತಿ ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಮಾತ್ರ ಕೆಲಸ. ಹೊರಗೆ ಅಂಗಡಿಯಲ್ಲಿ ಕೈಗೆ ದುಡ್ಡು ತಗೊಂಡು ದುಡಿಯೋ ಆಸೆ ಬೇಡವೇ ಬೇಡ. ವೀಸಾ ವಿಚಾರದಲ್ಲಿ ವಾಟ್ಸಾಪ್ ಅಣ್ಣಂದಿರ ಮಾತು ಬಿಡಿ, ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನೇ ಕೇಳಿ.

ಕಾರಿಲ್ಲದವರಿಗೆ ಸಾಲ್ಸ್‌ಬರಿ ಪೇಟೆಗೆ ಬಸ್ ಇದೆ, ವೇಳೆ ನೋಡಿಕೊಂಡು ಹೊರಡಿ. ಲ್ಯಾನ್ಹಮ್‌ನ ಶಿವ ವಿಷ್ಣು ದೇವಸ್ಥಾನ, ವಾಷಿಂಗ್ಟನ್ ಕಡೆಯ ಕಾವೇರಿ ಕನ್ನಡ ಸಂಘದ ರಾಜ್ಯೋತ್ಸವ, ಎಲ್ಲವೂ ಎರಡೂವರೆ ಗಂಟೆಯ ದಾರಿ. ನಡುವೆ ಚೆಸಪೀಕ್ ಕೊಲ್ಲಿಯ ಏಳು ಕಿಲೋಮೀಟರ್ ಸೇತುವೆ. ದೇವರ ಹತ್ತಿರ ಹೋಗುವಾಗ ಟೋಲ್ ಇಲ್ಲ, ವಾಪಸ್ ನಮ್ಮ ಕಡೆ ಬರುವಾಗ ಇದೆ. ಯಾರಾದರೂ ಕಾರಿನಲ್ಲಿ ಕರೆದುಕೊಂಡು ಹೋದರೆ ಆ ಟೋಲ್ ನೀವು ಕೊಡಿ.