ಗ್ಯಾರೇಜಿನಿಂದ ಬಂದ ಕಾರಿಗೆ ನನ್ನ ಮೊಬೈಲಿನ ಗುರುತೇ ಇರಲಿಲ್ಲ

ಹೊಸ ಬ್ಯಾಟರಿ, ಆಯಿಲ್ ಚೇಂಜ್, ಒಳಗೆಲ್ಲ ಕ್ಲೀನಿಂಗ್, ಮುಂದಿನ ಗಾಜಿಗೆ ರಸ್ತೆ ರೆಕಾರ್ಡ್ ಮಾಡುವ ಒಂದು ಡ್ಯಾಶ್‌ಕ್ಯಾಮ್. ಇಷ್ಟು ಮಾಡಿಸಿಕೊಂಡು ಕಾರು ಮನೆಗೆ ತಂದೆ. ಗಾಡಿ ಚೆನ್ನಾಗಿ ಓಡುತ್ತಿತ್ತು. ತಕರಾರು ಇದ್ದದ್ದು ಸ್ಕ್ರೀನಿನಲ್ಲಿ. ಬ್ಲೂಟೂತ್ ಹಿಡಿಯುತ್ತಿರಲಿಲ್ಲ, ಫೋನಿನ ಮ್ಯಾಪ್, ಹಾಡು ಎಲ್ಲ ಕಾರಿನ ಸ್ಕ್ರೀನಿಗೆ ತರುವ ಆಂಡ್ರಾಯ್ಡ್ ಆಟೋ ಬರುತ್ತಿರಲಿಲ್ಲ.

ಇಂಥ ಹೊತ್ತಲ್ಲಿ ಜಾಸ್ತಿ ಜನ ಮಾಡುವುದು ಎರಡು ಕೆಲಸ. ಸಿಕ್ಕಿದ ಬಟನ್ ಒತ್ತಿ ಫ್ಯಾಕ್ಟರಿ ರಿಸೆಟ್ ಮಾಡುವುದು, ಇಲ್ಲವೇ ಯಾರೋ ಹೇಳಿದರು ಅಂತ ಸ್ಟೀರಿಯೋನೇ ಬದಲಾಯಿಸುವುದು. ಎರಡೂ ಬೇಡ. ನಾನು ಮೊದಲು ಮಾಡಿದ್ದು ಗ್ಯಾರೇಜಿಗೆ ಫೋನ್. ದೂರು ಹೇಳಲಿಲ್ಲ, "ಏನೇನು ಬಿಚ್ಚಿದ್ರಿ, ಸ್ವಲ್ಪ ನೆನಪು ಮಾಡ್ಕೊಂಡು ಹೇಳಿ" ಅಂತ ಕೇಳಿದೆ. "ಬ್ಯಾಟರಿ ಬಿಚ್ಚಿದ್ವಿ ಸರ್, ಕ್ಯಾಮೆರಾ ವೈರ್ ಎಳೆಯೋಕೆ ಮೇಲಿನ ಲೈಟ್ ತೆಗೆದಿದ್ವಿ" ಅಂದ ಹುಡುಗ. ಈ ಒಂದು ಮಾತಿನಿಂದ ನನ್ನ ಅರ್ಧ ಕೆಲಸ ಉಳಿಯಿತು.

ಮೊದಲು ಕರೆಂಟ್ ನೋಡಿದೆ. ಎಂಜಿನ್ ಆಫ್ ಮಾಡಿ ಬ್ಯಾಟರಿಗೆ ವೈರ್ ಸೇರುವ ಟರ್ಮಿನಲ್ ಕೈಯಲ್ಲಿ ತಿರುಗಿಸಿದೆ, ಅಲುಗಾಡಲಿಲ್ಲ. ಮಲ್ಟಿಮೀಟರ್ ಇಟ್ಟರೆ 12.6 ವೋಲ್ಟ್ ತೋರಿಸಿತು. ಎಂಜಿನ್ ಆನ್ ಮಾಡಿದಾಗ 14ರ ಮೇಲೆ ಹೋಯಿತು. ಅಂದರೆ ಬ್ಯಾಟರಿ, ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಎರಡೂ ಸರಿ ಇವೆ. ಇಲ್ಲಿ ಲೂಸ್ ಇದ್ದರೆ ಸ್ಕ್ರೀನು ಸುಮ್ನೆ ಸುಮ್ನೆ ರೀಸ್ಟಾರ್ಟ್ ಆಗುತ್ತಾ ಇರುತ್ತದೆ. ಅದನ್ನು ಬಿಟ್ಟು ಬ್ಲೂಟೂತ್ ಸೆಟ್ಟಿಂಗ್ ಹುಡುಕುತ್ತಾ ಕೂತರೆ ಏನೂ ಸಿಗುವುದಿಲ್ಲ.

ಆಮೇಲೆ ಬ್ಲೂಟೂತ್. ಕಾರು, ಮೊಬೈಲು ಮೊದಲ ಸಲ ಜೋಡಿಯಾದಾಗ ಎರಡೂ ಒಂದು ಗುಟ್ಟಿನ ಕೀ ಬರೆದಿಟ್ಟುಕೊಳ್ಳುತ್ತವೆ. ಮುಂದೆ ಪ್ರತಿ ಸಲ ಅದನ್ನೇ ತಾಳೆ ನೋಡುತ್ತವೆ. ನನ್ನ ಕಾರಿನ ಸ್ಕ್ರೀನು ಬ್ಯಾಟರಿ ಬಿಚ್ಚಿದಾಗ ತನ್ನ ಕೀ ಕಳೆದುಕೊಂಡಿತ್ತು. ಮೊಬೈಲಿನ ಹತ್ತಿರ ಹಳೆಯದು ಹಾಗೇ ಇತ್ತು. ಎಷ್ಟು ಸಲ ಕನೆಕ್ಟ್ ಒತ್ತಿದರೂ ತಾಳೆ ಆಗುವುದಾದರೂ ಹೇಗೆ? ಮೊಬೈಲಿನ ಬ್ಲೂಟೂತ್ ಪಟ್ಟಿಯಿಂದ ಕಾರಿನ ಹೆಸರು ತೆಗೆದೆ. ಕಾರಿನ ಪಟ್ಟಿಯಲ್ಲಿ ಅರ್ಧಂಬರ್ಧ ಉಳಿದಿದ್ದ ನನ್ನ ಫೋನಿನ ಹೆಸರನ್ನೂ ಅಳಿಸಿದೆ. ಎರಡೂ ಕಡೆ ಅಳಿಸಬೇಕು, ಒಂದೇ ಕಡೆ ಅಳಿಸಿದರೆ ಸಾಲದು. ಹೊಸದಾಗಿ ಜೋಡಿ ಮಾಡುವಾಗ ಕಾಂಟ್ಯಾಕ್ಟ್ಸ್ ಅನುಮತಿ ಕೇಳಿತು, ಕೊಟ್ಟೆ. ಅದನ್ನು ಬೇಡ ಅಂದರೆ ಆಮೇಲೆ ಕಾಲ್ ಬಂದಾಗ ಹೆಸರಿನ ಬದಲು ಬರೀ ನಂಬರ್ ಕಾಣುತ್ತದೆ.

ಬ್ಲೂಟೂತ್ ಬಂತು. ಆಂಡ್ರಾಯ್ಡ್ ಆಟೋ ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ. ಕೇಬಲ್ ಹಾಕಿದರೆ ಫೋನ್ ಚಾರ್ಜ್ ಆಗುತ್ತಿತ್ತು, ಅಷ್ಟೇ. ನೋಡಿದರೆ ಒಳಗೆ ಕ್ಲೀನ್ ಮಾಡಿದವರು ನನ್ನ ಕೇಬಲನ್ನು ಪಕ್ಕದ ಸಾಕೆಟ್ಟಿಗೆ ಚುಚ್ಚಿದ್ದರು. ನನ್ನ ಕಾರಿನಲ್ಲಿ ಎರಡು ಯುಎಸ್‌ಬಿ ಸಾಕೆಟ್ ಇವೆ, ಅದರಲ್ಲಿ ಒಂದು ಬರೀ ಚಾರ್ಜಿಂಗಿಗೆ. ಕೇಬಲ್ಲುಗಳಲ್ಲೂ ಹೀಗೇ. ಕೆಲವದರಲ್ಲಿ ಡೇಟಾ ಹೋಗುವ ತಂತಿಯೇ ಇರುವುದಿಲ್ಲ. ಚಾರ್ಜ್ ಆಗುತ್ತಿದೆ ಅಂದ ಮಾತ್ರಕ್ಕೆ ಕೇಬಲ್ ಸರಿ ಇದೆ ಅಂದುಕೊಳ್ಳಬೇಡಿ.

ಸಾಕೆಟ್ ಬದಲಾಯಿಸಿದ ಮೇಲೆ ಆಂಡ್ರಾಯ್ಡ್ ಆಟೋ ಶುರುವಾಗಲು ನೋಡಿತು, ತಕ್ಷಣ ನಿಂತುಹೋಯಿತು. ಇದರ ಕಾರಣ ತುಂಬಾ ಜನಕ್ಕೆ ಹೊಳೆಯುವುದಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಬ್ಯಾಟರಿ ತೆಗೆದಾಗ ಕಾರಿನ ಗಡಿಯಾರವೂ ಹೋಗಿತ್ತು. ಗಂಟೆ, ನಿಮಿಷ ಗ್ಯಾರೇಜಿನವರೇ ಸರಿ ಮಾಡಿಕೊಟ್ಟಿದ್ದರು. ಸೆಟ್ಟಿಂಗ್ಸ್ ಒಳಗೆ ಹೋಗಿ ನೋಡಿದರೆ ದಿನಾಂಕ 1 ಜನವರಿ 2015! ಕಾರು, ಫೋನು ಮಾತಾಡುವ ಮುಂಚೆ ಒಂದರ ಸರ್ಟಿಫಿಕೇಟ್, ಅಂದರೆ ಡಿಜಿಟಲ್ ಗುರುತಿನ ಚೀಟಿಯನ್ನು, ಇನ್ನೊಂದು ನೋಡುತ್ತದೆ. ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ಕಾರಿನ ಲೆಕ್ಕದಲ್ಲಿ ಇನ್ನೂ 2015 ಆದರೆ ಆ ಸರ್ಟಿಫಿಕೇಟ್ ಚಾಲ್ತಿಗೇ ಬಂದಿಲ್ಲ ಅಂತ ಆಯಿತು. ದಿನಾಂಕ, ವರ್ಷ ಸರಿ ಮಾಡಿ ಕೇಬಲ್ ತೆಗೆದು ಹಾಕಿದೆ. ಮ್ಯಾಪ್ ಬಂದೇಬಿಟ್ಟಿತು. ಆಗ ಆದ ಖುಷಿ ಈಗಲೂ ನೆನಪಿದೆ.

ನಿಮ್ಮದು ವೈರ್‌ಲೆಸ್ ಆದರೆ ಇನ್ನೊಂದು ವಿಷಯ. ಅಲ್ಲಿ ಬ್ಲೂಟೂತ್ ಬರೀ ಪರಿಚಯ ಮಾಡಿಸುತ್ತದೆ, ಉಳಿದದ್ದೆಲ್ಲ ವೈಫೈ ಮೇಲೆ ಹೋಗುತ್ತದೆ. ಫೋನಿನಲ್ಲಿ ವೈಫೈ ಆಫ್ ಇದ್ದರೆ ಆಗುವುದಿಲ್ಲ. ಹಾಟ್‌ಸ್ಪಾಟ್, ವಿಪಿಎನ್ ಆನ್ ಇದ್ದರೂ ಎಷ್ಟೋ ಸಲ ತೊಡಕಾಗುತ್ತದೆ. ಐಫೋನ್ ಇರುವವರು ಅದರ ಧ್ವನಿ ಸಹಾಯಕಿ ಸಿರಿ ಆನ್ ಇದೆಯಾ ನೋಡಿಕೊಳ್ಳಿ, ಅದಿಲ್ಲದೆ ಕಾರ್‌ಪ್ಲೇ (ಐಫೋನಿನವರ ಆಂಡ್ರಾಯ್ಡ್ ಆಟೋ ಅನ್ನಿ) ಬರುವುದಿಲ್ಲ.

ಇಷ್ಟಾದ ಮೇಲೆ ಮನೆಗೆ ಫೋನ್ ಮಾಡಿದೆ. "ಏನ್ರೀ, ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳ್ತಿದೆ" ಅಂದಳು ಹೆಂಡತಿ. ಅವಳ ಮಾತು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಕಾಲ್ ಮುಗಿಸಿ ಕಾರಿನಿಂದಲೇ ಗೂಗಲ್ ಅಸಿಸ್ಟೆಂಟ್ ಕರೆದೆ, ಅದಕ್ಕೂ ನನ್ನ ಮಾತು ತಿಳಿಯಲಿಲ್ಲ. ನೆಟ್‌ವರ್ಕಿನ ದೋಷ ಆಗಿದ್ದರೆ ಎಷ್ಟೋ ಸಲ ಎರಡು ಕಡೆಯ ಮಾತೂ ಕೆಡುತ್ತದೆ. ಸಮಸ್ಯೆ ಮೈಕಿನದೇ ಇರಬೇಕು ಅನ್ನಿಸಿತು. ನನ್ನ ಕಾರಿನ ಮೈಕ್ ಇರುವುದು ಮೇಲಿನ ಲೈಟಿನ ಪಕ್ಕದಲ್ಲೇ. ಹುಡುಗ ಹೇಳಿದ್ದ "ಮೇಲಿನ ಲೈಟ್" ಆಗ ನೆನಪಾಯಿತು.

ಕಾರು ಆಫ್ ಮಾಡಿ, ಪ್ಲಾಸ್ಟಿಕ್ ಪಟ್ಟಿಯಿಂದ ಲೈಟಿನ ಕವರ್ ಮೆಲ್ಲಗೆ ಎಬ್ಬಿಸಿದೆ. ಸ್ಕ್ರೂಡ್ರೈವರ್ ಹಾಕಿದರೆ ಗೀರು ಬೀಳುತ್ತದೆ. ಒಳಗೆ ಕಡ್ಡಿಪೆಟ್ಟಿಗೆಗಿಂತ ಚಿಕ್ಕ ಬಿಳಿ ಕನೆಕ್ಟರ್, ಅರ್ಧ ಮಾತ್ರ ಕೂತಿತ್ತು. ಹೆಬ್ಬೆರಳಲ್ಲಿ ಒತ್ತಿದೆ, ಟಕ್ ಅಂತ ಕೂತಿತು. ಮತ್ತೆ ಫೋನ್ ಮಾಡಿದರೆ ಮಾತು ಚೊಕ್ಕವಾಗಿ ಹೋಯಿತು.

ಅಲ್ಲೇ ಡ್ಯಾಶ್‌ಕ್ಯಾಮಿನ ವೈರ್ ಹೋಗಿರುವ ದಾರಿಯನ್ನೂ ನೋಡಿದೆ. ಮುಂದಿನ ಗಾಜಿನ ಪಕ್ಕದ ಕಂಬದೊಳಗೆ ಎಷ್ಟೋ ಕಾರುಗಳಲ್ಲಿ ಕರ್ಟನ್ ಏರ್‌ಬ್ಯಾಗ್ (ಅಪಘಾತದಲ್ಲಿ ಪಕ್ಕದ ಕಿಟಕಿಗೆ ಪರದೆಯಂತೆ ಬಿಚ್ಚಿಕೊಳ್ಳುವ ಗಾಳಿಚೀಲ) ಇರುತ್ತದೆ, ಹೊರಗೆ ಬರೆದೂ ಇರುತ್ತದೆ. ವೈರ್ ಅದರ ಮುಂದೆ ಅಡ್ಡ ಬರಬಾರದು, ಹಿಂದಿನಿಂದ ಹೋಗಬೇಕು. ನನ್ನ ಕಾರಿನಲ್ಲಿ ಅದು ಅಡ್ಡವೇ ಇತ್ತು. ಆ ಕಂಬದ ಕವರ್ ಮಾತ್ರ ನಾನು ಮುಟ್ಟಲಿಲ್ಲ. ಏರ್‌ಬ್ಯಾಗ್ ಇರುವ ಕಡೆ ಮನೆಯಲ್ಲಿ ಕೈ ಹಾಕುವುದು ಸರಿಯಲ್ಲ. ಮರುದಿನ ಗ್ಯಾರೇಜಿಗೆ ಹೋಗಿ ಎದುರಿಗೇ ನಿಂತು ವೈರ್ ಸರಿ ಮಾಡಿಸಿಕೊಂಡು ಬಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ, ದುಡ್ಡೂ ಕೇಳಲಿಲ್ಲ.